ಮೂಗಣ್ಣನಿಗೆ ವಾಸನೆ ಹೋದದ್ದು

ಅವನನ್ನು ಎಲ್ಲರೂ ಮೂಗಣ್ಣ ಅಂತಲೇ ಕರೆಯುತ್ತಿದ್ದರು. ಹೊಸಬರು ಆ ಹೆಸರು ಕೇಳಿ, ಪಾಪ ಮಾತು ಬಾರದವನಿರಬೇಕು ಅಂದುಕೊಂಡು ಕೈಸನ್ನೆ ಮಾಡಿ ಊಟ ಹೇಳುತ್ತಿದ್ದರು. ಅವನೂ ಒಳಗೊಳಗೇ ನಗುತ್ತ ಕೈಸನ್ನೆಯಲ್ಲೇ ಅವರನ್ನು ಕೂರಿಸಿ, ತಟ್ಟೆ ಮುಂದಿಟ್ಟ ಮೇಲೆ "ಖಾರ ಸಾಕಾ ಸಾರ್?" ಅಂತ ಕೇಳಿ ಬೆಚ್ಚಿಬೀಳಿಸುತ್ತಿದ್ದ. ಹೆಸರು ಬಂದದ್ದು ಮೂಗಿನಿಂದ. ಅಂಥ ಮೂಗು ಅವನದು. ಎಣ್ಣೆ ಕಾಯಿತೋ ಇಲ್ಲವೋ ಅಂತ ಅವನು ಬಗ್ಗಿ ನೋಡಿದವನೇ ಅಲ್ಲ. ಬೆನ್ನು ಹಾಕಿ ಈರುಳ್ಳಿ ಹೆಚ್ಚುತ್ತಿದ್ದವನು "ಹಾಂ, ಈಗ" ಅಂತ ತಿರುಗುತ್ತಿದ್ದ. ಕೋಳಿ ಅಂಗಡಿಯವನು ನಿನ್ನೆಯ ಮಾಲನ್ನು ಇವತ್ತಿನದರ ಜೊತೆ ಸೇರಿಸಿ ತಂದರೆ, ಚೀಲದ ಬಾಯಿ ಬಿಚ್ಚುವ ಮೊದಲೇ ವಾಪಸ್ ಕಳಿಸುತ್ತಿದ್ದ. "ಇವನ ಮೂಗಿಗೆ ಹೆದರಿ ನಾನು ಸಾಚಾ ಆಗಿಬಿಟ್ಟೆ" ಅಂತ ಕೋಳಿಯವನೇ ಹೇಳಿಕೊಂಡು ತಿರುಗುತ್ತಿದ್ದ.

ಅವನು ಕೆಲಸ ಮಾಡುತ್ತಿದ್ದದ್ದು ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ, ಉದ್ದಕ್ಕೆ ಓಣಿಯ ಹಾಗಿದ್ದ ಒಂದು ಜಪಾನಿ ಊಟದ ಹೋಟೆಲಿನಲ್ಲಿ. ಗಿರಾಕಿಗಳು ಎತ್ತರದ ಸ್ಟೂಲುಗಳ ಮೇಲೆ ಸಾಲಾಗಿ ಕೂರಬೇಕು. ಅವರ ಎದುರಿಗೇ ಬಾಗಿಲಿನಷ್ಟು ಉದ್ದದ ಕಬ್ಬಿಣದ ಕಾವಲಿ. ಅದರ ಹಿಂದೆ ಎರಡು ಕೈಯಲ್ಲೂ ಸಟ್ಟುಗ ಹಿಡಿದ ಮೂಗಣ್ಣ. ಜನ ಬರುತ್ತಿದ್ದದ್ದು ಅವನು ಮಾಡುತ್ತಿದ್ದ ಯಾಕಿಸೋಬಕ್ಕೆ. ಕೋಳಿ, ಎಲೆಕೋಸು, ಈರುಳ್ಳಿಯನ್ನು ಕಾದ ಕಬ್ಬಿಣದ ಮೇಲೆ ಹುರಿದು, ಬೇಯಿಸಿದ ನೂಡಲ್ಸ್ ಸುರಿದು, ಕಪ್ಪು ಸಾಸ್ ಹಾಕಿ ಮಗುಚಿ, ಹೊಗೆಯಾಡುತ್ತಿರುವಾಗಲೇ ತಟ್ಟೆಗೆ ಹಾಕಿಕೊಡುವುದು. ಹೇಳಿದರೆ ಇಷ್ಟೇ. ಆದರೆ ಆ ಸಾಸ್ ಇತ್ತಲ್ಲ, ಅದನ್ನು ಅವನು ದಿನಾ ಬೆಳಿಗ್ಗೆ ತಾನೇ ಕಲಸುತ್ತಿದ್ದ. ಸೋಯಾ, ವಿನೆಗರ್, ಸಕ್ಕರೆ, ಟೊಮೆಟೊ ಸಾಸ್, ತುರಿದ ಸೇಬು, ಒಣಮೀನಿನ ಪುಡಿ, ಇನ್ನೂ ಏನೇನೋ. ಅಳತೆ ಅಂತ ಯಾವತ್ತೂ ಇಟ್ಟುಕೊಂಡವನಲ್ಲ. ಪಾತ್ರೆಯ ಮೇಲೆ ಮುಖ ಬಗ್ಗಿಸಿ ಒಂದು ಸಲ ಉಸಿರೆಳೆದುಕೊಳ್ಳುತ್ತಿದ್ದ, ಒಂದು ಚಿಟಿಕೆ ಏನೋ ಹಾಕುತ್ತಿದ್ದ, ಮತ್ತೆ ಉಸಿರೆಳೆದುಕೊಳ್ಳುತ್ತಿದ್ದ. ಕಲಿಸಿದ ಗುರು ಹಡಗಿನಲ್ಲಿ ಅಡುಗೆ ಮಾಡಿ ಬಂದ ಮುದುಕ. ಅವನೂ ಹಾಗೇ ಮಾಡುತ್ತಿದ್ದನಂತೆ. ಅವನು ತೀರಿಕೊಂಡು ಎಷ್ಟೋ ಕಾಲವಾಗಿತ್ತು.

ಸೋಮವಾರ ಹೋಟೆಲಿಗೆ ರಜೆ. ಆ ದಿನ ಅವನು ಮನೆಯಲ್ಲಿ ಹೆಂಡತಿ ಮಗಳಿಗೆ ಯಾಕಿಸೋಬ ಮಾಡಿ ಹಾಕುತ್ತಿದ್ದ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ ಅವರ ಮನೆ. ಹೆಂಡತಿ ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು, ಸೋಮವಾರ ಮಾತ್ರ ಬೇಗ ಬರುತ್ತಿದ್ದಳು. ಒಲೆ ಹತ್ತಿಸಿದರೆ ಕೆಳಗಿನ ಸೈಕಲ್ ಅಂಗಡಿಯವನು ಮೆಟ್ಟಿಲ ಬುಡದಲ್ಲಿ ನಿಂತು "ಏನ್ ಮೂಗಣ್ಣ, ಇಲ್ಲೂ ಮನುಷ್ಯರಿದ್ದೀವಿ" ಅಂತ ಕೂಗುತ್ತಿದ್ದ, ಅವನಿಗೂ ಒಂದು ತಟ್ಟೆ ಹೋಗುತ್ತಿತ್ತು. ಮಗಳು ಚಿಕ್ಕವಳಿದ್ದಾಗ ಆ ತಿಂಡಿಯ ಹೆಸರು ಅವಳಿಗೆ ದೊಡ್ಡ ತಮಾಷೆ.

"ಯಾಕಪ್ಪ ಸೋಬ?" ಅನ್ನುತ್ತಿದ್ದಳು.

"ಸುಮ್ಮನೆ ಸೋಬ."

"ಸುಮ್ಮನೆ ಯಾಕೆ ಸೋಬ?"

"ಯಾಕೋ ಸೋಬ, ತಿನ್ನೇ ಸುಮ್ಮನೆ."

ಅವಳು ಹೈಸ್ಕೂಲಿಗೆ ಬಂದ ವರ್ಷ ಅವನಿಗೆ ಒಂದು ಜ್ವರ ಬಂತು. ದೊಡ್ಡ ಜ್ವರವೇನಲ್ಲ, ಊರಿನಲ್ಲಿ ಅರ್ಧ ಜನಕ್ಕೆ ಬಂದುಹೋದದ್ದೇ. ಒಂದು ವಾರ ಹೊದ್ದು ಮಲಗಿ, ಎದ್ದು ಸ್ನಾನಕ್ಕೆ ಹೋದ. ಸೋಪಿಗೆ ಪರಿಮಳವೇ ಇಲ್ಲ. "ಇದ್ಯಾವ ಸೋಪೇ ತಂದಿದ್ದೀಯ, ಮೇಣ ತಿಕ್ಕಿದ ಹಾಗಿದೆ" ಅಂದ. "ಅದೇ ಸೋಪು ರೀ" ಅಂದಳು ಹೆಂಡತಿ. ತಿಂಡಿಗೆ ಕೂತರೆ ಬ್ರೆಡ್ಡು ನೆನೆದ ರಟ್ಟಿನ ಹಾಗಿತ್ತು. ಮೊಟ್ಟೆ ಬಾಯಲ್ಲಿ ಜಾರಿತು ಅಷ್ಟೇ. ಜ್ವರದ ಬಾಯಿ, ಸರಿಹೋಗುತ್ತೆ ಅಂದುಕೊಂಡ.

ಸರಿಹೋಗಲಿಲ್ಲ. ನಾಲಿಗೆಗೆ ಉಪ್ಪು ತಿಳಿಯುತ್ತಿತ್ತು, ಹುಳಿ ತಿಳಿಯುತ್ತಿತ್ತು, ಸಿಹಿ ತಿಳಿಯುತ್ತಿತ್ತು. ಅದರಾಚೆಗೆ ಏನೂ ಇಲ್ಲ. ಕೋಳಿಗೂ ಕೋಸಿಗೂ ಇರುವ ವ್ಯತ್ಯಾಸ ಹಲ್ಲಿಗೆ ಮಾತ್ರ ಗೊತ್ತಾಗುತ್ತಿತ್ತು.

ಅವನು ಯಾರಿಗೂ ಬಾಯಿಬಿಡಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಹೋಟೆಲಿಗೆ ಹೋಗಿ ಕಾವಲಿಯ ಹಿಂದೆ ನಿಂತ. ಕೈಗೆ ಅಭ್ಯಾಸವಿತ್ತು, ಕಣ್ಣಿತ್ತು, ಕಿವಿಯಿತ್ತು. ಎಣ್ಣೆ ಕಾದರೆ ನೀರಿನ ಹನಿ ಯಾವ ಸದ್ದು ಮಾಡುತ್ತೆ, ಕೋಳಿ ಬೆಂದರೆ ಅಂಚು ಹೇಗೆ ಬೆಳ್ಳಗಾಗುತ್ತೆ, ಇದೆಲ್ಲ ಗೊತ್ತಿತ್ತು. ಸಾಸ್ ಒಂದೇ ಕಷ್ಟ. ತರಕಾರಿ ಹೆಚ್ಚುತ್ತಿದ್ದ ಅಕ್ಕನ ಹತ್ತಿರ ಪಾತ್ರೆ ಒಯ್ದು, "ಅಕ್ಕಾ, ಒಂದ್ಸಲ ನೋಡಿ ಹೇಳಿ, ನಿಮ್ಮ ನಾಲಿಗೆ ಚುರುಕಾಗಿದೆ" ಅನ್ನುತ್ತಿದ್ದ. ಆ ಅಕ್ಕನಿಗೆ ಹಿಗ್ಗೋ ಹಿಗ್ಗು. ಇಷ್ಟು ವರ್ಷಕ್ಕೆ ಮೂಗಣ್ಣ ನನ್ನನ್ನ ಕೇಳಿದ ಅಂತ ಸೆರಗಿಗೆ ಕೈ ಒರೆಸಿಕೊಂಡು, ಬೆರಳು ಅದ್ದಿ, ಕಣ್ಣು ಮುಚ್ಚಿ, "ಸ್ವಲ್ಪ ಸಕ್ಕರೆ" ಅನ್ನುತ್ತಿದ್ದಳು. ಅವಳಿಗೆ ಸಿಹಿ ಅಂದರೆ ಪ್ರಾಣ. ಸಾಸ್ ದಿನದಿಂದ ದಿನಕ್ಕೆ ಸಿಹಿಯಾಗುತ್ತ ಹೋಯಿತು. ಹಳೇ ಗಿರಾಕಿಗಳು ಒಂದು ಕ್ಷಣ ತಡೆದು, ಅವನ ಮುಖ ನೋಡಿ, ಮತ್ತೆ ತಿನ್ನುತ್ತಿದ್ದರು. ಆ ತಡೆದು ನೋಡುವ ಕ್ಷಣ ಅವನ ಎದೆಗೆ ಚುಚ್ಚುತ್ತಿತ್ತು.

ಹೀಗೇ ನಡೆಯುತ್ತಿತ್ತೇನೋ. ಆದರೆ ಒಂದು ಸೋಮವಾರ, ಹೋಟೆಲಿಗೆ ಬೀಗ ಬಿದ್ದಿದ್ದಾಗ, ಫ್ರಿಜ್ಜಿನ ಪ್ಲಗ್ಗು ಸಡಿಲವಾಗಿ ಇಡೀ ದಿನ ಕರೆಂಟಿಲ್ಲದೆ ನಿಂತಿತು. ಮಂಗಳವಾರ ಬೆಳಿಗ್ಗೆ ನೆಲ ಒರೆಸುವವನ ಕೋಲು ತಗುಲಿ ಪ್ಲಗ್ಗು ಮತ್ತೆ ಸರಿಯಾಗಿ ಕೂತಿತು. ಮೂಗಣ್ಣ ಬಂದು ಫ್ರಿಜ್ಜಿನ ಬಾಗಿಲು ತೆಗೆದಾಗ ಒಳಗೆ ತಣ್ಣಗೇ ಇತ್ತು. ಶುಂಠಿ, ಸೋಯಾದಲ್ಲಿ ನೆನೆಸಿಟ್ಟ ಕೋಳಿ ಕಂದು ಬಣ್ಣಕ್ಕಿತ್ತು. ಯಾವಾಗಲೂ ಇರುವ ಬಣ್ಣವೇ. ಕಣ್ಣಿಗೆ ಏನೂ ತಿಳಿಯಲಿಲ್ಲ. ತರಕಾರಿ ಅಕ್ಕ ಅವತ್ತು ಬಂದಿರಲಿಲ್ಲ, ಯಜಮಾನರು ಬರುವುದು ಮಧ್ಯಾಹ್ನ.

ಮೊದಲ ತಟ್ಟೆ ಹೋದದ್ದು ಟೀಚರಮ್ಮನಿಗೆ. ನಿವೃತ್ತಿಯಾದ ಟೀಚರು, ಒಬ್ಬರೇ ಇದ್ದವರು. ಪ್ರತಿ ಮಂಗಳವಾರ ಬಾಗಿಲು ತೆರೆಯುತ್ತಿದ್ದ ಹಾಗೆ ಬಂದು ಕಾವಲಿಯ ಎದುರಿನ ಸ್ಟೂಲಿಗೇ ಏರಿ ಕೂರುತ್ತಿದ್ದರು. ಎರಡನೆಯದು ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದ ಒಬ್ಬ ನರ್ಸಿಗೆ. ಆಕೆ ತಟ್ಟೆಯನ್ನು ಮುಖದ ಹತ್ತಿರ ತಂದು ಹಾಗೇ ಕೆಳಗಿಟ್ಟಳು.

"ಅಣ್ಣಾ, ಇದು ಕೆಟ್ಟಿದೆ."

"ಇಲ್ಲಮ್ಮ, ಈಗ ತಾನೇ ಮಾಡಿದ್ದು."

"ಮಾಡಿದ್ದು ಈಗ ಇರಬಹುದು. ಕೋಳಿ ಕೆಟ್ಟಿದೆ. ನಿಮಗೆ ವಾಸನೆ ಬರ್ತಿಲ್ವಾ?"

ಮೂಗಣ್ಣ ಟೀಚರಮ್ಮನ ತಟ್ಟೆ ನೋಡಿದ. ಅದು ಖಾಲಿಯಾಗಿತ್ತು.

ಯಜಮಾನರು ಬಂದವರೇ ಫ್ರಿಜ್ಜಿನ ಬಾಗಿಲು ತೆಗೆದು ಮೂಗಿಗೆ ಕರವಸ್ತ್ರ ಹಿಡಿದರು. ಗಿರಾಕಿಗಳನ್ನು ಕಳಿಸಿ, ಅರ್ಧ ಶಟರ್ ಇಳಿಸಿ, ಅವನನ್ನು ಸ್ಟೂಲಿನ ಮೇಲೆ ಕೂರಿಸಿದರು. ಅಷ್ಟು ವರ್ಷದಲ್ಲಿ ಗಿರಾಕಿ ಕೂರುವ ಕಡೆಯಿಂದ ಅವನು ಆ ಕಾವಲಿಯನ್ನು ನೋಡಿದ್ದು ಅದೇ ಮೊದಲು.

"ಎಷ್ಟು ದಿನದಿಂದ?" ಅಂತ ಕೇಳಿದರು.

"ಜ್ವರ ಬಂದಾಗಿನಿಂದ."

"ಯಾಕಯ್ಯಾ ಹೇಳಲಿಲ್ಲ?"

"ಹೇಳಿದ್ರೆ ಇಟ್ಕೋತಿದ್ರಾ?"

ಯಜಮಾನರು ಕೆಟ್ಟವರಲ್ಲ. ಅದಕ್ಕೇ ಇಟ್ಕೋತಿದ್ದೆ ಅಂತ ಸುಳ್ಳು ಹೇಳಲಿಲ್ಲ. "ಮನೆಗೆ ಹೋಗು. ಹುಷಾರಾದ ಮೇಲೆ ನೋಡೋಣ" ಅಂದರು. ಆ "ನೋಡೋಣ" ಏನು ಅಂತ ಇಬ್ಬರಿಗೂ ತಿಳಿದಿತ್ತು.

ಟೀಚರಮ್ಮ ಅವತ್ತು ಸಂಜೆಯೇ ಆಸ್ಪತ್ರೆ ಸೇರಿದರು. ವಾಂತಿಯಾಗಿ, ಮೈಯಲ್ಲಿದ್ದ ನೀರೆಲ್ಲ ಹೋಗಿ, ಹಾಸಿಗೆಯ ಮೇಲೆ ಒಂದು ಮಡಿಸಿದ ಬಟ್ಟೆಯ ಹಾಗೆ ಮಲಗಿದ್ದರು. ಮೂಗಣ್ಣ ನೋಡಲು ಹೋದ. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡದ್ದೆಲ್ಲ ವಾರ್ಡಿನ ಬಾಗಿಲಲ್ಲೇ ಮರೆತುಹೋಯಿತು. ಮಂಚದ ಪಕ್ಕ ಕೈಕಟ್ಟಿ ನಿಂತ. ಅವರೇ ಮಾತಾಡಿದರು.

"ಬಾಯಿಗಿಟ್ಟಾಗಲೇ ಏನೋ ಒಂಥರಾ ಇದೆ ಅನ್ನಿಸ್ತು ಕಣಪ್ಪ. ಆದರೆ ನೀನು ಮಾಡಿದ್ದಲ್ವಾ? ವಯಸ್ಸಾಯ್ತು, ನನ್ನ ನಾಲಿಗೆನೇ ಕೆಟ್ಟಿರಬೇಕು ಅಂದ್ಕೊಂಡು ತಿಂದೆ."

ಟೀಚರಮ್ಮ ಬದುಕಿಕೊಂಡರು. ಆದರೆ ಮೊದಲಿನ ಹಾಗೆ ಓಡಾಡಲು ಆಗಲಿಲ್ಲ. ತಮ್ಮನ ಮಗಳು ಬಂದು ಬೇರೆ ಊರಿಗೆ ಕರೆದುಕೊಂಡು ಹೋದಳು. ಮೂಗಣ್ಣ ಅವರು ಆಸ್ಪತ್ರೆಯಲ್ಲಿ ಅಂದ ಮಾತನ್ನು ಹೆಂಡತಿಗೆ ಹೇಳಿ ಮಗುವಿನ ಹಾಗೆ ಅತ್ತ. ಬೈದಿದ್ದರೆ ಚೆನ್ನಾಗಿತ್ತು ಕಣೇ, ನಾಲ್ಕು ಜನರ ಎದುರು ಬೈಯಬೇಕಿತ್ತು ಅವರು ಅಂದ.

ಡಾಕ್ಟರು ಮೂಗಿಗೆ ಟಾರ್ಚ್ ಹಾಕಿ ನೋಡಿದರು, ತಲೆಯ ಚಿತ್ರ ತೆಗೆಸಿದರು. "ಬರಬಹುದು, ಬರದೇ ಇರಬಹುದು" ಅಂದರು. "ದಿನಾ ಬೆಳಿಗ್ಗೆ ಸಂಜೆ ಒಂದಷ್ಟು ವಾಸನೆ ಮೂಸಿ, ಮೂಗಿಗೆ ನೆನಪು ಮಾಡಿಕೊಡಿ" ಅಂದರು. ಹೆಂಡತಿ ಔಷಧಿಯ ಹಳೇ ಬಾಟಲಿಗಳನ್ನು ತೊಳೆದು ಒಣಗಿಸಿ, ಒಂದರಲ್ಲಿ ಲವಂಗ, ಒಂದರಲ್ಲಿ ನಿಂಬೆ ಸಿಪ್ಪೆ, ಒಂದರಲ್ಲಿ ಕಾಫಿ ಪುಡಿ, ಒಂದರಲ್ಲಿ ನೀಲಗಿರಿ ಎಣ್ಣೆ ಹಾಕಿಟ್ಟಳು. ಕೆಲಸಕ್ಕೆ ಹೊರಡುವ ಮುಂಚೆ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ಒಂದೊಂದಾಗಿ ಮೂಗಿನ ಹತ್ತಿರ ಹಿಡಿಯುತ್ತಿದ್ದಳು.

"ಏನಿದು?"

"ಗೊತ್ತಾಗ್ತಿಲ್ಲ."

"ಇದು?"

"ಉಹುಂ."

"ಸರಿ, ನಾಳೆ ನೋಡೋಣ."

ಅವಳು ಎಂದೂ ಬೇಸರ ತೋರಿಸಲಿಲ್ಲ. ಪರದೆ ಅಂಗಡಿಗೆ ತಡವಾಗಿ ಬೈಸಿಕೊಂಡರೂ ಒಂದು ದಿನ ತಪ್ಪಿಸಲಿಲ್ಲ. ಅವನಿಗೆ ಅದನ್ನು ತಡೆದುಕೊಳ್ಳಲು ಆಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವಳ ಮುಖ ಬಹಳ ಬಾಡಿತ್ತು. ಎರಡನೇ ಬಾಟಲಿ ಹಿಡಿದಾಗ ಅವನು ಹುಬ್ಬು ಗಂಟಿಕ್ಕಿ, ಜೋರಾಗಿ ಉಸಿರೆಳೆದು, "ತಡಿ ತಡಿ. ನಿಂಬೆ ಅಲ್ವಾ? ಸ್ವಲ್ಪ ಸ್ವಲ್ಪ ಬರ್ತಾ ಇದೆ ಕಣೇ" ಅಂದ.

ಅವನು ಕಣ್ಣು ಬಿಟ್ಟು ನೋಡಿದ. ಅವಳ ಕೈಯಲ್ಲಿದ್ದದ್ದು ಖಾಲಿ ಬಾಟಲಿ. ಹಿಂದಿನ ದಿನ ಸಿಪ್ಪೆಗೆ ಬೂಸ್ಟು ಹಿಡಿದಿದೆ ಅಂತ ಬಿಸಾಡಿ, ತೊಳೆದು ಕವುಚಿಟ್ಟಿದ್ದಳು. ಅವಸರದಲ್ಲಿ ಹೊಸದು ಹಾಕುವುದನ್ನು ಮರೆತು ಎತ್ತಿ ಹಿಡಿದಿದ್ದಳು. ಇಬ್ಬರೂ ಆ ಬಾಟಲಿಯನ್ನೇ ನೋಡಿದರು. ಅವಳು ನಿಧಾನವಾಗಿ ಮುಚ್ಚಳ ತಿರುಗಿಸಿ ಕಪಾಟಿನಲ್ಲಿಟ್ಟು, "ತಡ ಆಯ್ತು" ಅಂತ ಚಪ್ಪಲಿ ಮೆಟ್ಟಿಕೊಂಡು ಹೋದಳು. ಮರುದಿನ ಬಾಟಲಿಗಳನ್ನು ಅವಳು ಇಳಿಸಲೂ ಇಲ್ಲ, ಅವನು ಕೇಳಲೂ ಇಲ್ಲ.

ಆಮೇಲೆ ಒಂದು ಸೋಮವಾರ ಅವನಿಗೆ ಹಠ ಹತ್ತಿತು. ಕೈ ಎಲ್ಲಿ ಮರೆಯುತ್ತೆ, ಮನೆಯಲ್ಲೇ ಮಾಡಿ ತೋರಿಸುತ್ತೇನೆ ಅಂತ ಎದ್ದ. ಮಾರುಕಟ್ಟೆಗೆ ಹೋಗಿ ಕೋಳಿಯ ತೊಡೆ ಮಾಂಸ ತಂದ. ಮಗಳ ಕೈಗೆ ಕೊಟ್ಟು ಮೂಸಿಸಿ, ಚೆನ್ನಾಗಿದೆ ಅನ್ನಿಸಿಕೊಂಡೇ ಹಲಗೆಯ ಮೇಲಿಟ್ಟ. ಸಣ್ಣಗೆ ಹೆಚ್ಚಿ ಸೋಯಾ, ಶುಂಠಿ ಹಚ್ಚಿಟ್ಟ. ಎಲೆಕೋಸಿನ ದಪ್ಪ ದಂಟು ಬೇರೆ, ಎಲೆ ಬೇರೆ ಮಾಡಿದ. ಕ್ಯಾರೆಟ್ಟು ಕಡ್ಡಿಯ ಹಾಗೆ, ಈರುಳ್ಳಿ ಅರ್ಧಚಂದ್ರದ ಹಾಗೆ. ನೂಡಲ್ಸನ್ನು ಬೇಯಿಸಿ, ತಣ್ಣೀರಿಗೆ ಹಾಕಿ, ಎಳ್ಳೆಣ್ಣೆ ಸವರಿ ಬಿಡಿಸಿಟ್ಟ. ಅಲ್ಲಿಯವರೆಗೆ ಅವನ ಕೈ ನೋಡಿದರೆ ಏನೂ ಆಗಿಲ್ಲವೇನೋ ಅನ್ನಬೇಕು. ಹೆಂಡತಿ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು, ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ನಗು ಬಂದಿತ್ತು.

ಸಾಸಿನ ಪಾತ್ರೆ ಎತ್ತಿಕೊಂಡಾಗ ಕೈ ನಿಂತಿತು. ಹಾಕಬೇಕಾದದ್ದೆಲ್ಲ ಎದುರಿಗಿತ್ತು. ಎಷ್ಟು ಹಾಕಬೇಕು ಅಂತ ಹೇಳಬೇಕಾದದ್ದು ಇರಲಿಲ್ಲ. ಅಂದಾಜಿನಲ್ಲಿ ಕಲಸಿ ಹೆಂಡತಿಯ ಮುಂದೆ ಚಮಚ ಹಿಡಿದ.

"ಚೆನ್ನಾಗಿದೆ ರೀ. ಏನೋ ಒಂಚೂರು ಕಮ್ಮಿ."

"ಏನು ಕಮ್ಮಿ?"

"ಏನೋಪ್ಪ, ಅದು ಇರ್ತಿತ್ತಲ್ಲ, ಹಿಂದೆ."

"ಅದು ಅಂದ್ರೆ ಏನೇ? ಮೀನಿಂದಾ, ಸೇಬಿಂದಾ? ಸುಟ್ಟ ಸಕ್ಕರೆ ತರಾನಾ? ಬಾಯಿಬಿಟ್ಟು ಹೇಳು!"

"ನನಗೆ ಹೇಳಕ್ಕೆ ಬರಲ್ಲ. ನಾನೇನು ಅಡುಗೆಯವಳಾ?"

"ಇಷ್ಟು ವರ್ಷ ತಿಂದಿದ್ದೀಯಲ್ಲ!" ಅಂತ ಕಿರುಚಿಬಿಟ್ಟ. ಆ ಮನೆಯಲ್ಲಿ ಅವನು ಹಾಗೆ ದನಿ ಎತ್ತಿದವನೇ ಅಲ್ಲ. ಮಗಳು ಪುಸ್ತಕ ಮುಚ್ಚಿ ಎದ್ದು ಬಂದಳು. ಅವನು ಇನ್ನಷ್ಟು ವಿನೆಗರ್ ಸುರಿದ, ಅದನ್ನು ಮುಚ್ಚಲು ಇನ್ನಷ್ಟು ಸಕ್ಕರೆ, ಅದನ್ನು ಮುಚ್ಚಲು ಇನ್ನಷ್ಟು ಸೋಯಾ. ಈ ಗಲಾಟೆಯಲ್ಲಿ ಬಾಣಲೆ ಖಾಲಿ ಕಾಯುತ್ತಿದ್ದದ್ದನ್ನು ಯಾರೂ ಗಮನಿಸಲಿಲ್ಲ. ಎಣ್ಣೆ ಹಾಕಿದ, ಕೋಳಿ ಹಾಕಿದ, ಮಗುಚಿದ, ಎಲ್ಲ ಸೇರಿಸಿ ತಟ್ಟೆಗೆ ಬಡಿಸಿದ. ನೋಡಲು ಬಹಳ ಚೆಂದ ಇತ್ತು. ಎಳೆಎಳೆಯಾಗಿ ಹೊಳೆಯುತ್ತಿತ್ತು, ಮೇಲೆ ಹಸಿರು ಈರುಳ್ಳಿ ಸೊಪ್ಪು.

ಮೂವರೂ ಕೂತರು. ಅವನು ತಿನ್ನಲಿಲ್ಲ, ಅವರ ಬಾಯಿಯನ್ನೇ ನೋಡುತ್ತಿದ್ದ.

"ಥೇಟ್ ಹಿಂದಿನ ಹಾಗೇ ಇದೆ" ಅಂದಳು ಹೆಂಡತಿ.

ಮಗಳು ಒಂದು ತುತ್ತು ನುಂಗಿ ಚಮಚ ಕೆಳಗಿಟ್ಟಳು. "ಸುಳ್ಳು ಯಾಕಮ್ಮ ಹೇಳ್ತೀಯ? ಎಣ್ಣೆ ಸೀದುಹೋಗಿದೆ. ಬರೀ ಸೀದ ನಾತ. ನಿಂಗೂ ಗೊತ್ತು." ಅಪ್ಪನ ಕಡೆ ನೋಡಿ, "ಅಪ್ಪಂಗೆ ನಿಜ ಹೇಳೋರು ಯಾರೂ ಇಲ್ವಾ?" ಅಂತ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೂಗಣ್ಣ ತನ್ನ ತಟ್ಟೆ ಮುಗಿಸಿದ. ಮಗಳ ತಟ್ಟೆ ಎಳೆದುಕೊಂಡು ಅದನ್ನೂ ಮುಗಿಸಿದ. ಹೆಂಡತಿ "ಬಿಡಿ, ಸಾಕು ಬಿಡಿ" ಅಂತ ಕೈ ಹಿಡಿದರೂ ಬಿಡದೆ, ದಾರದುಂಡೆ ಅಗಿಯುವವನ ಹಾಗೆ ಅಗಿದು ಅಗಿದು ನುಂಗಿದ. ಉಪ್ಪು, ಹುಳಿ, ಸಿಹಿ ಬಿಟ್ಟರೆ ಯಾವ ರುಚಿಯೂ ಇಲ್ಲದೆ ಅವನಿಗೆ ಹೊಟ್ಟೆ ತುಂಬಿತು.

ಅದಾದ ಸ್ವಲ್ಪ ದಿನಕ್ಕೇ ಗ್ಯಾಸಿನದ್ದು ನಡೆದದ್ದು. ಬೆಳಿಗ್ಗೆ ಹೆಂಡತಿ ಬಟ್ಟೆ ಒಣಹಾಕಲು ತಾರಸಿಗೆ ಹೋಗಿದ್ದಳು. ಇವನು ಹಾಲು ಕಾಯಿಸಲು ಗುಂಡಿ ತಿರುಗಿಸಿದ, ಬೆಂಕಿಪೊಟ್ಟಣ ಸಿಗಲಿಲ್ಲ, ಹುಡುಕುತ್ತ ಹೊರಗಿನ ಕೋಣೆಗೆ ಹೋದವನು ಕಿಟಕಿಯಲ್ಲಿ ಏನೋ ನೋಡುತ್ತ ಮರೆತು ನಿಂತ. ಮೆಟ್ಟಿಲಿಳಿದು ಬಂದ ಹೆಂಡತಿಗೆ ಬಾಗಿಲಲ್ಲೇ ವಾಸನೆ ಹೊಡೆಯಿತು. ಒಳಗೆ ನೋಡಿದರೆ ಇವನು ಒಲೆಯ ಮುಂದೆ, ಕೈಯಲ್ಲಿ ಕಡ್ಡಿ, ಗೀರಲು ಹೊರಟಿದ್ದಾನೆ. ಒದ್ದೆ ಬಟ್ಟೆಯ ಬಕೆಟ್ಟು ಬಿಸಾಡಿ ಹಾರಿ ಬಂದು ಅವನ ಕೈಗೆ ಹೊಡೆದಳು. ಕಡ್ಡಿ ನೆಲಕ್ಕೆ ಬಿತ್ತು. ಕಿಟಕಿಗಳನ್ನೆಲ್ಲ ತೆಗೆದು, ಇಬ್ಬರೂ ಮೆಟ್ಟಿಲ ಮೇಲೆ ಕೂತರು.

"ಇನ್ಮೇಲೆ ಒಬ್ಬರೇ ಒಲೆ ಹತ್ರ ಹೋಗಬೇಡಿ" ಅಂದಳು. "ನಿಮ್ಮ ಕಾಲಿಗೆ ಬೀಳ್ತೀನಿ."

ಅಂದಿನಿಂದ ಅವಳು ಕೆಲಸಕ್ಕೆ ಹೋಗುವಾಗ ಸಿಲಿಂಡರಿನ ರೆಗ್ಯುಲೇಟರ್ ಕಿತ್ತು ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದಳು. ಬದುಕಿಡೀ ಬೆಂಕಿಯ ಮುಂದೆ ನಿಂತವನು ತಣ್ಣಗಿನ ಬ್ರೆಡ್ಡು ತಿಂದು ಕೂರುವಂತಾಯಿತು.

ಹೆಂಡತಿಯ ತಮ್ಮ ಊರಿನ ಕೊಳಚೆ ನೀರು ಎತ್ತುವ ಪಂಪ್‌ಹೌಸಿನಲ್ಲಿ ಮೇಸ್ತ್ರಿ. ಮಾತಿಗೆ ಮುಂದೆ, ಯೋಚನೆಗೆ ಹಿಂದೆ. ಒಂದು ದಿನ ಬಂದು ಕುರ್ಚಿಯ ಮೇಲೆ ಕಾಲು ಮಡಿಸಿ ಕೂತು, "ಭಾವ, ನಮ್ಮಲ್ಲಿ ಜಾಲರಿ ಎಳೆಯೋ ಕೆಲಸಕ್ಕೆ ಯಾರೂ ನಿಲ್ತಿಲ್ಲ. ಬಂದೋರು ವಾರಕ್ಕೇ ಓಡಿಹೋಗ್ತಾರೆ, ನಾತ ತಡೆಯಕ್ಕಾಗಲ್ಲ ಅಂತ. ನಿಮಗೆ ಹೇಳಿ ಮಾಡಿಸಿದ ಕೆಲಸ ನೋಡಿ!" ಅಂದ.

ಅಕ್ಕ ಅವನತ್ತ ಕಣ್ಣಲ್ಲೇ ಬೆಂಕಿ ಕಾರಿದಳು. ಅವನಿಗೂ ತಾನಾಡಿದ್ದು ಆಮೇಲೆ ಹೊಳೆದು ನಾಲಿಗೆ ಕಚ್ಚಿಕೊಂಡ. ಆದರೆ ಮೂಗಣ್ಣ ನಕ್ಕ. ಜೋರಾಗಿಯೇ ನಕ್ಕ. "ಹೌದಲ್ಲೋ, ಬೇರೆ ಯಾರಿಗಿದೆ ಈ ಯೋಗ್ಯತೆ" ಅಂದ. ಮುಂದಿನ ವಾರವೇ ಸೇರಿಕೊಂಡ.

ಅಲ್ಲಿ ಕೊಳಚೆ ನೀರು ಪಂಪಿಗೆ ಹೋಗುವ ಮೊದಲು ಒಂದು ಕಬ್ಬಿಣದ ಜಾಲರಿಗೆ ಬಂದು ಬಡಿಯುತ್ತದೆ. ಅದಕ್ಕೆ ಸಿಕ್ಕಿಕೊಂಡ ಬಟ್ಟೆ, ಪ್ಲಾಸ್ಟಿಕ್ಕು, ಕೂದಲಿನ ಉಂಡೆ, ಸತ್ತ ಇಲಿ, ಎಲ್ಲವನ್ನೂ ಉದ್ದ ಹಿಡಿಯ ಕುಂಟೆಯಿಂದ ಎಳೆದು ಮೇಲೆ ಹಾಕಬೇಕು. ಉಳಿದವರು ಮುಖಕ್ಕೆ ಬಟ್ಟೆ ಬಿಗಿದುಕೊಂಡು, ಸರದಿ ಮುಗಿದ ಕೂಡಲೇ ಹೊರಗೋಡಿ ಉಗಿಯುತ್ತಿದ್ದರು. ಇವನು ಬರಿಮುಖದಲ್ಲಿ ನಿಂತು ದಿನವಿಡೀ ಎಳೆಯುತ್ತಿದ್ದ. ಊಟದ ಡಬ್ಬಿಯನ್ನೂ ಅಲ್ಲೇ ಕಟ್ಟೆಯ ಮೇಲೆ ಬಿಚ್ಚುತ್ತಿದ್ದ. ಎಂಜಿನಿಯರು ಬೆನ್ನು ತಟ್ಟಿ ಇಂಥ ಆಳು ನಮಗೆ ಸಿಕ್ಕಿಲ್ಲ ಅಂದರು. ಅಲ್ಲಿ ಆಗಾಗ ಗುಂಡಿಯಿಂದ ಕೊಳೆತ ಮೊಟ್ಟೆಯ ನಾತದ ಒಂದು ವಿಷಗಾಳಿ ಏಳುತ್ತಿತ್ತು. ಮೂಗಿದ್ದವರು ಮೇಲಕ್ಕೆ ಓಡುತ್ತಿದ್ದರು. ಇವನಿಗೆ ಯಾರಾದರೂ ಕೂಗಿ ಹೇಳಬೇಕು. ಕೂಗಿದರೂ ಅವನು ಓಡುತ್ತಿರಲಿಲ್ಲ, ನಿಧಾನವಾಗಿ ಕುಂಟೆ ಒರಗಿಸಿಟ್ಟು ಮೆಟ್ಟಿಲು ಹತ್ತಿ ಬರುತ್ತಿದ್ದ. ಬಾಮೈದ ಅದನ್ನು ಎಷ್ಟೋ ಸಲ ನೋಡಿದ್ದ. ಅಕ್ಕನಿಗೆ ಮಾತ್ರ ಹೇಳಲಿಲ್ಲ.

ಕೆಲಸ ಬಿಟ್ಟು ಬಂದು ಅವನು ಸೋಪು ಕರಗುವಷ್ಟು ಸ್ನಾನ ಮಾಡುತ್ತಿದ್ದ. ಆಮೇಲೆ ಹೆಂಡತಿಯನ್ನು ಕೇಳುತ್ತಿದ್ದ.

"ವಾಸನೆ ಬರ್ತಿದೆಯಾ?"

"ಇಲ್ಲಪ್ಪ."

"ನಿಜ ಹೇಳು."

"ಇಲ್ಲ ಅಂದ್ನಲ್ಲ."

ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿಯಾಗಿಯೇ ಬರುತ್ತಿತ್ತು. ಸೈಕಲ್ ಅಂಗಡಿಯವನು ಈಗಲೂ ಮಾತಾಡಿಸುತ್ತಿದ್ದ, ಆದರೆ ಅಂಗಡಿಯ ಒಳಗಿನಿಂದಲೇ. ಮಗಳ ಗೆಳತಿಯರು ಮನೆಗೆ ಬರುವುದು ನಿಂತಿತು. ಇದೆಲ್ಲ ಅವನಿಗೆ ಅರ್ಥವಾಗುತ್ತಿತ್ತು. ಆದರೂ ಹೆಂಡತಿಯ ಮಾತೊಂದನ್ನು ನಂಬಿಕೊಂಡಿದ್ದ. ಒಂದು ಸಂಜೆ ಅವಳು ಪಕ್ಕದಲ್ಲಿ ಕೂತು ಅವನ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಅವಳು ಬಾಯಿ ಒಂದಿಷ್ಟು ತೆರೆದುಕೊಂಡು, ಬಾಯಿಂದಲೇ ಉಸಿರಾಡುತ್ತಿರುವುದು ಅವನಿಗೆ ಕೇಳಿಸಿತು. ಅಡುಗೆಮನೆಗೆ ಎದ್ದು ಹೋದಾಗ ಬಾಯಿ ಮುಚ್ಚಿದಳು. ಬಂದು ಕೂತಾಗ ಮತ್ತೆ ತೆರೆದಳು. ಅಭ್ಯಾಸವಾಗಿ ಹೋಗಿತ್ತು, ಅವಳಿಗೇ ತಿಳಿದಿರಲಿಲ್ಲ.

ಅಂದಿನಿಂದ ಅವನು ಆ ಪ್ರಶ್ನೆ ಕೇಳುವುದನ್ನು ಬಿಟ್ಟ. ಹಾಸಿಗೆಯನ್ನು ಹೊರಗಿನ ಕೋಣೆಗೆ ಹಾಕಿಕೊಂಡ. ಸೆಖೆ ಅಂದ. ಅವಳು ಬೇಡ ಅನ್ನಲಿಲ್ಲ, ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಬಹಳ ಹೊತ್ತು ಪಾತ್ರೆ ತೊಳೆದಳು.

ವರ್ಷಗಳು ಹೋದವು. ಹೋಟೆಲು ಮುಚ್ಚಿ ಅಲ್ಲಿ ಮೊಬೈಲ್ ಅಂಗಡಿ ಬಂತು. ಆ ಉದ್ದದ ಕಾವಲಿಯನ್ನು ಗುಜರಿಯವನು ಒಯ್ದನಂತೆ. ಮಗಳು ಓದು ಮುಗಿಸಿ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಅವಳಿಗೆ ಅಪ್ಪನ ಮೇಲೆ ಸಿಟ್ಟಿತ್ತೋ, ಮರುಕವಿತ್ತೋ, ಇಬ್ಬರ ನಡುವೆ ಮಾತು ಬಹಳ ಕಡಿಮೆಯಾಗಿತ್ತು. ಅಂಥವಳು ಒಂದು ರಜೆಯ ಮಧ್ಯಾಹ್ನ ಕೈಯಲ್ಲಿ ತರಕಾರಿ ಚೀಲ ಹಿಡಿದು ಬಂದು, "ಅಪ್ಪ, ಎದ್ದೇಳು. ಸೋಬ ಮಾಡೋಣ. ನೀನು ಹೇಳು, ನಾನು ಮಾಡ್ತೀನಿ" ಅಂದಳು.

ಅವನು ಬೇಡ ಅಂದ. ಅವಳು ಕೇಳಲಿಲ್ಲ. ಅವನನ್ನು ಒಲೆಯಿಂದ ಎರಡು ಹೆಜ್ಜೆ ದೂರ ಗೋಡೆಗೆ ಒರಗಿಸಿ ನಿಲ್ಲಿಸಿ, ಬಾಣಲೆ ಇಟ್ಟಳು. ಮೊದಮೊದಲು ಅವನ ದನಿ ಏಳಲಿಲ್ಲ. "ಕೋಳಿ ಮುಟ್ಟಬೇಡ, ಹಾಗೇ ಬಿಡು. ಸದ್ದು ಸಣ್ಣಗಾಗ್ಲಿ" ಅಂದ. ಸದ್ದು ಸಣ್ಣಗಾಯಿತು. "ಈಗ ಮಗುಚು." ಬಂಗಾರದ ಬಣ್ಣಕ್ಕೆ ಬಂದಿತ್ತು. "ಕೋಸಿನ ದಂಟು ಮೊದಲು. ಎಲೆ ಆಮೇಲೆ. ಉರಿ ಕಮ್ಮಿ ಮಾಡಬೇಡ, ಹೆದರಬೇಡ. ನೂಡಲ್ಸ್ ಸುರಿದು ಒಂದು ಕ್ಷಣ ಕೈ ಕಟ್ಕೊಂಡು ನಿಲ್ಲು. ತಳ ಗರಿಗರಿ ಆಗ್ಬೇಕು." ಅವಳ ಕೈ ಅಪ್ಪನ ಕೈಯೇ. ಎರಡು ಸಟ್ಟುಗ ಹಿಡಿದು ಎತ್ತಿ ಬಿಡಿಸುವ ರೀತಿ ನೋಡಿ ಅವನು ಗೋಡೆ ಬಿಟ್ಟು ಮುಂದೆ ಬಂದ. ಹೆಂಡತಿ ಹೊಲಿಗೆ ಬಿಟ್ಟು ಎದ್ದು ಬಂದು ಬಾಗಿಲಲ್ಲಿ ನಿಂತಳು.

"ಈಗ ಸಾಸ್" ಅಂದ ಅವನು. "ಮೂಸಿ ನೋಡ್ಕೊಂಡು ಹಾಕು. ನಿನಗೆ ಮೂಗಿದೆ. ಹಿಂದೆ ಹೇಗಿತ್ತೋ ಹಾಗೆ ಬರೋವರೆಗೆ ಹಾಕ್ತಾ ಹೋಗು."

ಅವಳು ಬಟ್ಟಲು ಎತ್ತಿಕೊಂಡಳು. ಮೂಸಿದಳು. ಸೋಯಾ ಹಾಕಿದಳು, ಮೂಸಿದಳು. ಸೇಬು ಹಾಕಿದಳು. ವಿನೆಗರ್ ಹನಿಸಿದಳು. ಮತ್ತೆ ಮೂಸಿದಳು. ಆಮೇಲೆ ಹಾಗೇ ನಿಂತುಬಿಟ್ಟಳು, ಮುಖ ಬಟ್ಟಲಿನ ಮೇಲೆ.

"ಏನಾಯ್ತು?"

"ಗೊತ್ತಾಗ್ತಿಲ್ಲ ಅಪ್ಪ."

"ಏನು ಕಮ್ಮಿ ಅನ್ಸುತ್ತೆ?"

"ಕಮ್ಮಿ ಜಾಸ್ತಿ ಅಲ್ಲಪ್ಪ. ಹಿಂದೆ ಹೇಗಿತ್ತು ಅನ್ನೋದೇ ನೆನಪಿಲ್ಲ. ಎಷ್ಟು ನೆನಪು ಮಾಡ್ಕೊಂಡ್ರೂ ಬರ್ತಿಲ್ಲ." ಅವಳು ಅಮ್ಮನ ಕಡೆ ನೋಡಿದಳು. ಅಮ್ಮ ಬಂದು ಬಟ್ಟಲಿಗೆ ಮುಖ ಒಡ್ಡಿ, ಕಣ್ಣು ಮುಚ್ಚಿ, ಬಹಳ ಹೊತ್ತು ಮೂಸಿದಳು. ತಲೆ ಅಲ್ಲಾಡಿಸಿದಳು.

"ನಿನಗೆ ನೆನಪಿದೆಯಾ ಅಪ್ಪ?" ಮಗಳು ಕೇಳಿದಳು.

"ಚೆನ್ನಾಗಿತ್ತು ಅನ್ನೋದು ನೆನಪಿದೆ" ಅಂದ. "ಹೇಗಿತ್ತು ಅನ್ನೋದು ಇಲ್ಲ."

ಬಾಣಲೆಯಲ್ಲಿ ನೂಡಲ್ಸ್ ಆರುತ್ತಿತ್ತು. ಅವಳು ಕೈಗೆ ಬಂದಷ್ಟು ಸಾಸ್ ಸುರಿದು, ಮಗುಚಿ, ಮೂರು ತಟ್ಟೆಗೆ ಹಾಕಿದಳು. ಮೂವರೂ ಕೂತು ತಿಂದರು. ಕೆಟ್ಟದಾಗೇನೂ ಇರಲಿಲ್ಲ. ಹೆಂಡತಿಯೇ ಆಮೇಲೆ ಹೇಳಿದ್ದು, ಎಲ್ಲಿ ತಿಂದರೂ ಸಿಗುವಂಥ ರುಚಿ ಅಂತ. ಯಾರೂ ಚೆನ್ನಾಗಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನಲಿಲ್ಲ. ಕೆಳಗೆ ಯಾರದೋ ಸೈಕಲ್ಲಿಗೆ ಗಾಳಿ ಹೊಡೆಯುವ ಸದ್ದು ಬರುತ್ತಿತ್ತು.

ತಿಂದಾದ ಮೇಲೆ ಮೂಗಣ್ಣ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟು ತೊಳೆಯಲು ಒಯ್ದ. ಕೈ ಒರೆಸಿಕೊಂಡು, ಕೆಲಸದ ಅಂಗಿ ತೊಟ್ಟು, ಬೂಟು ಹಾಕಿಕೊಂಡ. ಅವತ್ತು ಅವನಿಗೆ ಮಧ್ಯಾಹ್ನದ ಪಾಳಿ. "ಬರ್ತೀನಿ" ಅಂದ. ಮಗಳು ಅಡುಗೆಮನೆಯಿಂದ "ಹುಂ" ಅಂದಳು. ಅವನು ಮೆಟ್ಟಿಲಿಳಿದು ಬಸ್ಸಿಗೆ ಹೋಗಿ ನಿಂತ. ಆಮೇಲೆ ಆ ಮನೆಯಲ್ಲಿ ಯಾರೂ ಯಾಕಿಸೋಬ ಮಾಡಲಿಲ್ಲ.